ಅಯೋವಾದ ಸಣ್ಣ ಊರಿನಿಂದ ನಾರ್ವೆಯ ಮೂಲ ಮನೆಯವರೆಗೆ

ಓದುಗರ ಪ್ರಶ್ನೆ: ನಮ್ಮ ಮಗಳು ಅಮೆರಿಕದ ಅಯೋವಾ ರಾಜ್ಯದ ಡೆಕೋರಾ ಊರಿನ ಕುಟುಂಬವೊಂದರ ಸೊಸೆ. ಅಳಿಯನ ಹಿರಿಯರು ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯಿಂದ ಬಂದವರು ಎಂಬುದಷ್ಟೇ ಆ ಮನೆಯವರಿಗೆ ಗೊತ್ತು. ಮೊಮ್ಮಗಳಿಗಾಗಿ ಆ ಕಡೆಯ ವಂಶಾವಳಿಯನ್ನೂ ಬರೆದಿಡಬೇಕೆಂದಿದ್ದೇವೆ. ಅವರ ಮೂಲ ಊರನ್ನು ಪತ್ತೆ ಮಾಡುವುದು ಹೇಗೆ?

ಉತ್ತರ: ಹುಡುಕಾಟವನ್ನು ನಾರ್ವೆಯಿಂದ ಆರಂಭಿಸಬೇಡಿ. ಮೂಲ ಊರಿನ ಹೆಸರು ಬಹುತೇಕ ಸಂದರ್ಭಗಳಲ್ಲಿ ಡೆಕೋರಾದ ಸುತ್ತಮುತ್ತಲಿನ ಕಾಗದಪತ್ರಗಳಲ್ಲೇ ಇರುತ್ತದೆ. ಅದು ಕೈಗೆ ಸಿಗುವ ಮೊದಲೇ ಸಮುದ್ರ ದಾಟಿದವರು ಅದೇ ಹೆಸರಿನ ಬೇರೊಬ್ಬರನ್ನು ತಮ್ಮ ಪೂರ್ವಜರೆಂದು ಬರೆದುಕೊಳ್ಳುವ ಅಪಾಯವಿದೆ.

ಈ ಗೊಂದಲಕ್ಕೆ ಕಾರಣ ನಾರ್ವೆಯ ಹಳೆಯ ಹೆಸರಿಡುವ ಕ್ರಮ. ಹಾನ್ಸ್ ಎಂಬುವರ ಮಗ ಓಲೆ, ‘ಓಲೆ ಹಾನ್ಸೆನ್’ ಆಗುತ್ತಿದ್ದರು. ಓಲೆಯವರ ಮಗ ನಿಲ್ಸ್, ‘ನಿಲ್ಸ್ ಓಲ್ಸೆನ್’ ಆಗುತ್ತಿದ್ದರು. ಇದರ ಜೊತೆಗೆ ವಾಸವಿದ್ದ ಜಮೀನಿನ ಹೆಸರೂ ಸೇರುತ್ತಿತ್ತು. ನಮ್ಮ ಕರಾವಳಿಯಲ್ಲಿ ಮನೆ ಹೆಸರಿನಿಂದ ಕುಟುಂಬವನ್ನು ಗುರುತಿಸುವುದಕ್ಕೆ ಇದು ಹತ್ತಿರವಾದದ್ದು, ಆದರೆ ಒಂದು ವ್ಯತ್ಯಾಸವಿದೆ: ಅಲ್ಲಿ ಬೇರೆ ಜಮೀನಿಗೆ ಹೋದರೆ ಹೆಸರೂ ಬದಲಾಗಬಹುದಿತ್ತು. ಸ್ಥಿರವಾದ ಕುಲನಾಮವನ್ನು ನಾರ್ವೆಯ ಕಾನೂನು ಕಡ್ಡಾಯಗೊಳಿಸಿದ್ದು 1923ರಲ್ಲಿ. ಆದ್ದರಿಂದ ಒಡಹುಟ್ಟಿದ ಇಬ್ಬರು ಅಮೆರಿಕಕ್ಕೆ ಬಂದು, ಒಬ್ಬರು ತಂದೆಯ ಹೆಸರನ್ನೂ ಇನ್ನೊಬ್ಬರು ಜಮೀನಿನ ಹೆಸರನ್ನೂ ಉಳಿಸಿಕೊಂಡಿರುವುದು ಅಪರೂಪವೇನಲ್ಲ. ಕುಲನಾಮವೊಂದನ್ನೇ ನಂಬದೆ, ಹುಟ್ಟಿದ ದಿನ, ಹೆಂಡತಿಯ ಹೆಸರು, ಮಕ್ಕಳ ಹೆಸರು ಇವೆಲ್ಲವನ್ನೂ ಒಟ್ಟಿಗೆ ತಾಳೆ ನೋಡಬೇಕು.

ಮನೆಯ ಅತ್ಯಂತ ಹಿರಿಯರಿಂದ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಅಮೆರಿಕದ ಜನಗಣತಿಯ ಹೆಸರುಪಟ್ಟಿಗಳು 72 ವರ್ಷಗಳ ಬಳಿಕ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ. 1950ರ ಪಟ್ಟಿ 2022ರಲ್ಲಿ ಬಿಡುಗಡೆಯಾಯಿತು. 1900ರ ಗಣತಿಯಲ್ಲಿ ಹುಟ್ಟಿದ ತಿಂಗಳು ಮತ್ತು ವರ್ಷ ಮಾತ್ರವಲ್ಲದೆ ವಲಸೆ ಬಂದ ವರ್ಷವೂ ಇದೆ. 1890ರ ಗಣತಿಯ ಬಹುಭಾಗ 1921ರ ಬೆಂಕಿ ಅನಾಹುತದ ಪರಿಣಾಮವಾಗಿ ಉಳಿದಿಲ್ಲ, ಆದರೆ ಅಯೋವಾದವರಿಗೆ ಇಲ್ಲೊಂದು ಅನುಕೂಲವಿದೆ: ಆ ರಾಜ್ಯ 1885 ಮತ್ತು 1895ರಲ್ಲಿ ತನ್ನದೇ ಗಣತಿ ನಡೆಸಿತ್ತು. ಅದರ 1925ರ ಗಣತಿಯಂತೂ ವಂಶಾವಳಿ ಬರೆಯುವವರಿಗೆ ನಿಧಿಯೇ ಸರಿ, ಏಕೆಂದರೆ ಪ್ರತಿಯೊಬ್ಬರ ತಂದೆಯ ಹೆಸರು ಮತ್ತು ತಾಯಿಯ ಮದುವೆಗೆ ಮುಂಚಿನ ಹೆಸರನ್ನು ಅದರಲ್ಲಿ ಕೇಳಲಾಗಿತ್ತು. ಮದುವೆ, ಜಮೀನು, ಆಸ್ತಿ ಹಂಚಿಕೆಯ ದಾಖಲೆಗಳಿಗೆ ವಿನೆಶೀಕ್ ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗ) ಕಚೇರಿಯನ್ನು ವಿಚಾರಿಸಬೇಕು. ಆ ಕೌಂಟಿಯ ಕೇಂದ್ರ ಡೆಕೋರಾ ಊರೇ.

ಇಷ್ಟಾದರೂ ಸರ್ಕಾರಿ ಕಡತಗಳು ಹುಟ್ಟಿದ ಸ್ಥಳವನ್ನು ‘ನಾರ್ವೆ’ ಎಂದಷ್ಟೇ ಬರೆದು ನಿಲ್ಲಿಸುವುದು ಹೆಚ್ಚು. ಆ ಕೊರತೆಯನ್ನು ತುಂಬಬಲ್ಲದ್ದು ಚರ್ಚಿನ ಪುಸ್ತಕ. ಲುಥೆರನ್ ಪಾದ್ರಿಗಳು ನಾರ್ವೆಯ ಭಾಷೆಯಲ್ಲೇ ದೀಕ್ಷಾಸ್ನಾನ, ಮದುವೆ, ಸಾವುಗಳನ್ನು ದಾಖಲಿಸುತ್ತಿದ್ದರು, ಮತ್ತು ಸದಸ್ಯರು ನಾರ್ವೆಯ ಯಾವ ಚರ್ಚಿನ ವ್ಯಾಪ್ತಿಯವರು, ಅಂದರೆ ಯಾವ ಪ್ಯಾರಿಷ್‌ನವರೆಂದು ಬರೆದಿಟ್ಟವರು ಅವರಲ್ಲಿ ಅನೇಕರು. ಹಾಗಾಗಿ ಹಿರಿಯರ ಸಮಾಧಿ ಯಾವ ಚರ್ಚಿನ ಅಂಗಳದಲ್ಲಿದೆ ಎಂಬುದನ್ನು ಅಳಿಯನ ಮನೆಯವರಿಂದ ಮೊದಲು ಕೇಳಿಕೊಳ್ಳಿ. ಡೆಕೋರಾದಿಂದಲೇ 1874ರಿಂದ 1972ರವರೆಗೆ ಹೊರಬಂದ ನಾರ್ವೇಜಿಯನ್ ಭಾಷೆಯ ಪತ್ರಿಕೆ ‘ಡೆಕೋರಾ ಪೋಸ್ಟೆನ್’ನ ನಿಧನವಾರ್ತೆಗಳನ್ನೂ ನೋಡಬೇಕು.

ಪ್ಯಾರಿಷ್‌ನ ಹೆಸರು ಸಿಕ್ಕಿತೆಂದರೆ ಮುಂದಿನ ಹಾದಿ ಬಹಳ ಸುಗಮ. ನಾರ್ವೆಯ ಚರ್ಚ್ ಪುಸ್ತಕಗಳೂ 1865, 1875ರಂಥ ಹಳೆಯ ಗಣತಿಗಳೂ ‘ಡಿಜಿಟಲ್‌ಆರ್ಕಿವೆಟ್’ ಎಂಬ ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ಉಚಿತವಾಗಿವೆ. ಹಲವು ಪ್ರದೇಶಗಳಿಗೆ ‘ಬಿಗ್ಡೆಬೊಕ್’ ಎಂಬ ಸ್ಥಳೀಯ ಇತಿಹಾಸ ಗ್ರಂಥಗಳಿವೆ. ಒಂದೊಂದು ಜಮೀನಿನಲ್ಲಿ ಯಾರು ಯಾವಾಗ ಬಾಳಿದರು, ಅವರ ಮಕ್ಕಳಲ್ಲಿ ಯಾರು ಅಮೆರಿಕಕ್ಕೆ ಹೋದರು ಎಂಬುದನ್ನೂ ಅವು ಹೇಳುವುದುಂಟು. ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದ ನಾರ್ವೇಜಿಯನ್ ಅಮೆರಿಕನ್ ವಂಶಾವಳಿ ಕೇಂದ್ರದ ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳ ಸಂಗ್ರಹವಿದೆ. ಅಲ್ಲಿಗೆ ಬರೆಯುವಾಗ ಮುತ್ತಜ್ಜನವರ ಹೆಸರಿನ ಎಲ್ಲ ರೂಪಗಳನ್ನೂ, ಹುಟ್ಟಿದ ದಿನಾಂಕವನ್ನೂ, ಅವರ ಒಡಹುಟ್ಟಿದವರ ಹೆಸರುಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಕಳುಹಿಸಿ.