ಕಾಲಿನ ಹರಡಿನ ಊತ ಬಿಸಿಯಾಗಿದ್ದರೆ ನೀವಬೇಡಿ

ನಮ್ಮ ಚಿಕ್ಕಮ್ಮ ಮೈಸೂರಿನಲ್ಲಿ ಇಪ್ಪತ್ತು ವರ್ಷ ಊದುಬತ್ತಿ ಹೊಸೆದವರು. ಮಣೆ ಮುಂದಿಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದರು. ಎಡಗಾಲಿನ ಹರಡಿನ ಹೊರಪಕ್ಕ ಮೂಳೆ ಉಬ್ಬಿರುತ್ತದಲ್ಲ, ಅದರ ಮೇಲೆ ಅವರಿಗೆ ನೆಲ್ಲಿಕಾಯಿ ಗಾತ್ರದ ಮೆತ್ತನೆ ಗಂಟಿತ್ತು. ನೋವಿರಲಿಲ್ಲ. ಒತ್ತಿದರೆ ಒಳಗೆ ನೀರಾಡಿದ ಹಾಗೆ ಅನ್ನಿಸುತ್ತಿತ್ತು. ವರ್ಷಗಟ್ಟಲೆ ಹಾಗೇ ಇದ್ದುದರಿಂದ ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ.

ಒಂದು ಸೋಮವಾರ ಅದು ಕೆಂಪಗಾಯಿತು. ಉಳುಕಿರಬೇಕು ಅಂತ ಪಕ್ಕದ ಮನೆಯವರು ಎಣ್ಣೆ ಹಚ್ಚಿ ಚೆನ್ನಾಗಿ ನೀವಿದರು. ಬುಧವಾರ ರಾತ್ರಿ ಚಳಿ ಜ್ವರ ಬಂತು.

ಆ ಗಂಟು ಏನು ಅಂತ ಮೊದಲು ತಿಳಿಯೋಣ. ಚರ್ಮ, ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ), ಮೂಳೆ ಒಂದಕ್ಕೊಂದು ಉಜ್ಜುವ ಕಡೆಗಳಲ್ಲಿ ನಮ್ಮ ದೇಹ ಸಣ್ಣ ಸಣ್ಣ ಚೀಲಗಳನ್ನು ಇಟ್ಟಿದೆ. ಇವಕ್ಕೆ ಬರ್ಸಾ ಎಂದು ಹೆಸರು. ಮೈಯಲ್ಲಿ ಇಂಥವು ಸುಮಾರು 150 ಇವೆ. ಒಳಗೆ ಜಾರಿಕೆಗೆ ಬೇಕಾದಷ್ಟೇ, ಒಂದು ಪದರದಷ್ಟು ಅಂಟು ದ್ರವ. ಹಿಮ್ಮಡಿಯ ಮೂಳೆಗೂ ಅದರ ಹಿಂದಿನ ದಪ್ಪ ರಜ್ಜುವಿಗೂ ನಡುವೆ ಒಂದಿದೆ. ಅದು ಹುಟ್ಟಿನಿಂದಲೇ ಇರುವಂಥದ್ದು.

ಹರಡಿನ ಹೊರಮೂಳೆಯ ಮೇಲಿನದು ಹಾಗಲ್ಲ. ನನಗೆ ತುಂಬ ಆಶ್ಚರ್ಯ ತಂದ ಸಂಗತಿ ಇದು. ಅಲ್ಲಿ ಚರ್ಮದ ಕೆಳಗೆ ನೇರವಾಗಿ ಮೂಳೆ, ಕೊಬ್ಬಿನ ಮೆತ್ತೆ ಇಲ್ಲವೇ ಇಲ್ಲ. ನೆಲದ ಮೇಲೆ ದಿನಾ ಗಂಟೆಗಟ್ಟಲೆ ಕೂತರೆ ಮೂಳೆ ಗಟ್ಟಿ ನೆಲಕ್ಕೆ ಒತ್ತಿ ಉಜ್ಜುತ್ತದೆ. ಆ ಒತ್ತಡಕ್ಕೆ ದೇಹ ತಾನೇ ಅಲ್ಲೊಂದು ಹೊಸ ಚೀಲ ಕಟ್ಟಿಕೊಳ್ಳುತ್ತದೆ. ಉಜ್ಜಾಟ ಇನ್ನೂ ಜಾಸ್ತಿಯಾದರೆ ಚೀಲ ಕೆರಳಿ, ದ್ರವ ತುಂಬಿ ಉಬ್ಬುತ್ತದೆ. ಇದು ಬರ್ಸೈಟಿಸ್. ಇಷ್ಟೇ ಆಗಿದ್ದರೆ ಹೆದರುವಂಥದ್ದಲ್ಲ. ಕೂರುವ ಭಂಗಿ ಬದಲಿಸಿ ಒತ್ತಡ ತಪ್ಪಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ.

ತೊಂದರೆ ಶುರುವಾಗುವುದು ಮೇಲಿನ ಚರ್ಮ ಬಿರಿದಾಗ. ಒಂದು ತರಚು ಗಾಯ, ಚಪ್ಪಲಿ ಕಚ್ಚಿದ ಗುರುತು, ಮಂಡ್ಯದ ಕಡೆ ಗದ್ದೆಯಲ್ಲಿ ಕಬ್ಬಿನ ಕೂಳೆ ಗೀರಿದ ಗೀಟು, ಅಷ್ಟು ಸಾಕು. ಇಂಥ ಸೋಂಕುಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸಿಗುತ್ತದೆ. ಎಷ್ಟೋ ಜನರ ಮೂಗಿನಲ್ಲಿ, ಚರ್ಮದ ಮೇಲೆ ಸುಮ್ನೆ ಇರುವ ಜೀವಿ ಅದು. ಚೀಲದೊಳಗೆ ಸೇರಿದರೆ ಕೀವು ಕಟ್ಟುತ್ತದೆ. ಆಗ ನೀವಿದರೆ ತೆಳು ಚೀಲ ಒಡೆದು ಕೀವು ಸುತ್ತಲಿನ ಮಾಂಸಕ್ಕೆ ಹರಡಬಹುದು. ಸೂಜಿಯಿಂದ ಮನೆಯಲ್ಲೇ ಚುಚ್ಚಿದರೆ ಇನ್ನಷ್ಟು ರೋಗಾಣುಗಳಿಗೆ ದಾರಿ ಮಾಡಿಕೊಟ್ಟಂತೆ.

ಹಾಗಾಗಿ ಊತ ಕಂಡ ಕೂಡಲೇ ಕೈಯ ಹಿಂಬದಿಯನ್ನು ಎರಡೂ ಕಾಲಿನ ಹರಡಿಗೆ ಇಟ್ಟು ನೋಡಿ. ಊದಿದ್ದು ಇನ್ನೊಂದಕ್ಕಿಂತ ಬಿಸಿ ಇದೆಯಾ? ಕೆಂಪು ದಿನದಿನಕ್ಕೆ ಅಗಲ ಆಗ್ತಿದೆಯಾ? ಜ್ವರ ಇದೆಯಾ? ಇದ್ದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ಪಾದವನ್ನು ಸ್ವಲ್ಪ ಆಡಿಸಿದರೂ ಪ್ರಾಣ ಹೋಗುವಷ್ಟು ನೋವಾದರೆ ಸೋಂಕು ಚೀಲದಲ್ಲಲ್ಲ, ಕೀಲಿನೊಳಗೇ ಇರಬಹುದು. ಆಗ ಒಂದು ಗಂಟೆಯೂ ಕಾಯಬೇಡಿ.

ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ ನನಗೆ ಆತಂಕ ಜಾಸ್ತಿ. ಪಾದದ ನರಗಳು ಸೋತಿದ್ದರೆ ನೋವೇ ತಿಳಿಯುವುದಿಲ್ಲ. ಬಿಸಿ ಶಾಖ ಕೊಟ್ಟುಕೊಂಡು ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಅವರ ಪಾದವನ್ನು ಮನೆಯವರು ದಿನಾ ಕಣ್ಣಾರೆ ನೋಡಬೇಕು.

ಚಿಕ್ಕಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ವೈದ್ಯರು ಪಕ್ಕದ ಚರ್ಮ ಒರೆಸಿ ಓರೆಯಾಗಿ ಸೂಜಿ ಹಾಕಿದರು. ಸಿರಿಂಜಿಗೆ ಬಂದದ್ದು ಕದಡಿದ ಹಳದಿ ನೀರು, ಅಕ್ಕಿ ತೊಳೆದ ನೀರಿಗೆ ಅರಿಶಿನ ಬೆರೆಸಿದ ಹಾಗೆ. ಸೋಂಕಿಲ್ಲದಿದ್ದರೆ ಅದು ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಆದರೆ ಕಣ್ಣಳತೆ ಸಾಲದು. ಗೌಟ್ (ಯೂರಿಕ್ ಆಮ್ಲ ಕೀಲುಗಳಲ್ಲಿ ಹರಳುಗಟ್ಟುವ ಕಾಯಿಲೆ) ಇದ್ದರೂ ಗಂಟು ಹೀಗೇ ಕೆಂಪಾಗಿ ಬಿಸಿಯೇರುತ್ತದೆ. ಅದರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಯೂರಿಕ್ ಆಮ್ಲದ ಸೂಜಿಯಂಥ ಹರಳುಗಳು ಕಾಣುತ್ತವೆ. ಕೆಲವೊಮ್ಮೆ ಹರಳು, ರೋಗಾಣು ಎರಡೂ ಒಟ್ಟಿಗೆ ಇರುತ್ತವೆ. ಅದಕ್ಕೇ ದ್ರವವನ್ನು ಲ್ಯಾಬಿಗೆ ಕಳಿಸಿ ರೋಗಾಣು ಬೆಳೆಸಿ ನೋಡುತ್ತಾರೆ. ಎರಡು ಮೂರು ದಿನ ಹಿಡಿಯುತ್ತದೆ. ಅಲ್ಲಿವರೆಗೆ ಅಂದಾಜಿನ ಮೇಲೆ ಆಂಟಿಬಯಾಟಿಕ್ ಶುರು ಮಾಡಿ, ಫಲಿತಾಂಶ ಬಂದ ಮೇಲೆ ಬೇಕಾದರೆ ಬದಲಿಸುತ್ತಾರೆ. ಊತಕ್ಕೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನನ್ನು ಸೋಂಕಿರುವ ಚೀಲಕ್ಕೆ ಹಾಕುವಂತಿಲ್ಲ.

ಮಾತ್ರೆ ಸಾಮಾನ್ಯವಾಗಿ ಎರಡು ವಾರದ ಆಸುಪಾಸು. ಕೀವು ಮತ್ತೆ ತುಂಬಿದರೆ ಮತ್ತೆ ತೆಗೆಯಬೇಕಾಗುತ್ತದೆ. ಚೀಲವನ್ನೇ ಕತ್ತರಿಸಿ ತೆಗೆಯುವ ಸಂದರ್ಭ ಕಡಿಮೆ. ಔಷಧಿಗೆ ಬಗ್ಗದೆ ವಾರಗಟ್ಟಲೆ ಎಳೆದರೆ ಕ್ಷಯದ ರೋಗಾಣುವಿಗೂ ಪರೀಕ್ಷೆ ಬೇಕು. ಐದನೇ ದಿನ ನೋವು ಹೋಯಿತು ಅಂತ ಚಿಕ್ಕಮ್ಮ ಮಾತ್ರೆ ಬಿಡಲು ಹೊರಟಿದ್ದರು. ಚೀಲದೊಳಗೆ ರಕ್ತದ ಓಡಾಟ ಕಡಿಮೆ, ಔಷಧಿ ಅಲ್ಲಿಗೆ ನಿಧಾನವಾಗಿ ತಲುಪುತ್ತದೆ ಅಂತ ವೈದ್ಯರು ಕೂರಿಸಿ ಹೇಳಿದ ಮೇಲೆ ಕೊನೆವರೆಗೂ ನುಂಗಿದರು.

ಈಗ ಅವರು ಗಿಡ್ಡ ಸ್ಟೂಲಿನ ಮೇಲೆ ಕೂತು ಹೊಸೆಯುತ್ತಾರೆ. ಪೂಜೆಗೆ, ಊಟಕ್ಕೆ ನೆಲಕ್ಕೆ ಕೂರಲೇಬೇಕಾದಾಗ ಹಳೇ ಸೀರೆಯ ತುಂಡನ್ನು ಬಿಂದಿಗೆಯ ಸಿಂಬೆಯಂತೆ ಸುತ್ತಿ ಹರಡಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಮೂಳೆ ಸಿಂಬೆಯ ನಡುವಿನ ತೂತಿನಲ್ಲಿ ನಿಲ್ಲುತ್ತದೆ, ನೆಲಕ್ಕೆ ತಾಗುವುದಿಲ್ಲ.