ದತ್ತಾಂಶ ಮಾದರಿಯಿಂದ ತರ್ಕ ದೂರವಾದದ್ದು ಹೇಗೆ?

ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಭಾರತದಲ್ಲಿ 1904ರಲ್ಲಿ ಬಂದಿತು. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಬೈಲಾ, ಷೇರು, ಜಾಮೀನು, ಸುಸ್ತಿ (ಗಡುವಿಗೆ ಕಟ್ಟದ ಬಾಕಿ) ಎಂಬ ಮಾತುಗಳು ಈ ಭಾಗದ ರೈತರಿಗೆ ಅಂದಿನಿಂದಲೂ ಪರಿಚಿತ. ಇಂಥ ಸಂಘದ ಲೆಕ್ಕಪತ್ರ ಕಂಪ್ಯೂಟರಿಗೆ ಹೋಗಬೇಕಾದರೆ ಬೈಲಾದ ಒಂದೊಂದು ವಾಕ್ಯವೂ ಡೇಟಾಬೇಸಿನ ನಿಯಮವಾಗಬೇಕು. ಅದಕ್ಕೂ ಮುನ್ನ, ಸಂಘದ ವ್ಯವಹಾರದಲ್ಲಿ ಯಾವ ಸಂಗತಿಗಳಿವೆ, ಅವುಗಳ ನಡುವಿನ ಸಂಬಂಧವೇನು, ಯಾವುದು ಇರಲೇಬೇಕು, ಯಾವುದು ಇರಕೂಡದು ಎಂಬುದನ್ನು ಯಾವ ಸಾಫ್ಟ್‌ವೇರಿನ ಹಂಗೂ ಇಲ್ಲದೆ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಈ ಕೆಲಸಕ್ಕೆ ಪರಿಕಲ್ಪನಾ ದತ್ತಾಂಶ ಮಾದರಿ ಎನ್ನುತ್ತಾರೆ. ಇದನ್ನು ಮಾಡುವವರು ಔಪಚಾರಿಕ ತರ್ಕವನ್ನು, ಎಂದರೆ ವಾಕ್ಯಗಳ ರೂಪ ನೋಡಿ ಯಾವುದರಿಂದ ಯಾವುದು ಹೊಮ್ಮುತ್ತದೆಂದು ನಿರ್ಧರಿಸುವ ಶಾಸ್ತ್ರವನ್ನು, ಕಲಿತಿರಲೇಬೇಕೆಂದು ನಾನು ದೃಢವಾಗಿ ನಂಬುತ್ತೇನೆ. ಅದು ಕಲಿಕೆಯಿಂದ ಬಿಟ್ಟುಹೋದುದಕ್ಕೆ ಒಂದು ಇತಿಹಾಸವಿದೆ.

ಸಂಘವೊಂದರಲ್ಲಿ ‘ಪ್ರತಿ ಸಾಲಕ್ಕೂ ಇಬ್ಬರು ಸದಸ್ಯರ ಜಾಮೀನು ಇರಬೇಕು, ಸುಸ್ತಿದಾರರು ಜಾಮೀನು ನಿಲ್ಲುವಂತಿಲ್ಲ’ ಎಂಬ ನಿಯಮವಿದೆ ಎಂದಿಟ್ಟುಕೊಳ್ಳೋಣ. ‘ಸಾಲ’ಕ್ಕೊಂದು ಚೌಕ, ‘ಸದಸ್ಯ’ನಿಗೊಂದು ಚೌಕ, ನಡುವೆ ಒಂದು ಗೆರೆ, ಗೆರೆಯ ತುದಿಯಲ್ಲಿ 2 ಎಂಬ ಅಂಕಿ ಬರೆದರೆ ಚಿತ್ರ ಮುಗಿದಂತೆ ಕಾಣುತ್ತದೆ. ಆದರೆ ಜಾಮೀನುದಾರರು ಇಬ್ಬರೇ ಇರಬೇಕೇ, ಇಬ್ಬರಾದರೂ ಇರಬೇಕೇ? ಸಾಲ ಪಡೆದವನೇ ತನ್ನ ಸಾಲಕ್ಕೆ ಜಾಮೀನು ನಿಲ್ಲಬಹುದೇ? ಇವನು ಅವನಿಗೆ, ಅವನು ಇವನಿಗೆ ಪರಸ್ಪರ ಜಾಮೀನು ಕೊಟ್ಟರೆ ನಡೆಯುತ್ತದೆಯೇ? ಸುಸ್ತಿದಾರನಲ್ಲ ಎಂಬುದನ್ನು ಸಾಲ ಮಂಜೂರಾದ ದಿನಕ್ಕಷ್ಟೇ ನೋಡಬೇಕೇ, ಸಾಲ ತೀರುವವರೆಗೂ ನೋಡುತ್ತಿರಬೇಕೇ? ಆ ಚಿತ್ರ ಇವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಹೇಳುವುದಿಲ್ಲ. ಪ್ರಶ್ನೆ ಇದೆಯೆಂಬುದನ್ನೂ ಅದು ತೋರಿಸುವುದಿಲ್ಲ ಎಂಬುದು ಇನ್ನೂ ದೊಡ್ಡ ಕೊರತೆ.

ಅರಿಸ್ಟಾಟಲನ ಕಾಲದ ತರ್ಕದಿಂದ ಈ ಪ್ರಶ್ನೆಗಳನ್ನು ಹಿಡಿಯಲು ಆಗುತ್ತಿರಲಿಲ್ಲ. ‘ಎಲ್ಲ ಸಾಲಗಾರರೂ ಸದಸ್ಯರು’ ಎಂಬಂಥ ಮಾತು ಅದಕ್ಕೆ ಸಲೀಸು. ‘ಪ್ರತಿಯೊಬ್ಬ ಸಾಲಗಾರನಿಗೂ ಯಾರಾದರೊಬ್ಬ ಸದಸ್ಯ ಜಾಮೀನು ನಿಂತಿದ್ದಾನೆ’ ಎಂಬಲ್ಲಿ ಇಬ್ಬರ ನಡುವಿನ ಸಂಬಂಧವೂ ಬರುತ್ತದೆ, ‘ಪ್ರತಿಯೊಬ್ಬ’, ‘ಯಾರಾದರೊಬ್ಬ’ ಎಂಬ ಎರಡು ಪರಿಮಾಣಗಳ ಹಿಂದುಮುಂದೂ ಮುಖ್ಯವಾಗುತ್ತದೆ. ಕ್ರಮ ತಿರುಗಿಸಿದರೆ ಒಬ್ಬನೇ ಸದಸ್ಯ ಊರಿಗೆಲ್ಲ ಜಾಮೀನು ನಿಂತಂತಾಗುತ್ತದೆ. ಇಂಥ ವಾಕ್ಯಗಳನ್ನು ಗೊಂದಲವಿಲ್ಲದೆ ಬರೆಯುವ ಕ್ರಮವನ್ನು ಜರ್ಮನಿಯ ಗಾಟ್ಲಾಬ್ ಫ್ರೇಗೆ 1879ರಲ್ಲಿ ಒದಗಿಸಿದರು. ಅದರಿಂದ ಬೆಳೆದದ್ದೇ ಪ್ರೆಡಿಕೇಟ್ ತರ್ಕ.

ಡೇಟಾಬೇಸ್ ಸಿದ್ಧಾಂತವೂ ನೇರವಾಗಿ ಆ ತರ್ಕದಿಂದಲೇ ಬಂದದ್ದು. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ, ದತ್ತಾಂಶವನ್ನೆಲ್ಲ ಕೋಷ್ಟಕಗಳಾಗಿ ಕಾಣುವ ರಿಲೇಷನಲ್ ಮಾದರಿಯನ್ನು ಮಂಡಿಸಿದಾಗ, ದತ್ತಾಂಶವನ್ನು ಕೇಳುವ ಭಾಷೆಗೆ ಪ್ರೆಡಿಕೇಟ್ ತರ್ಕವೇ ಆಧಾರವಾಗಬಲ್ಲದೆಂದು ಹೇಳಿದ್ದರು. ಕೋಷ್ಟಕದ ಒಂದೊಂದು ಸಾಲೂ ಒಂದು ನಿಜವಾದ ವಾಕ್ಯ ಎಂದು ಓದಿಕೊಂಡರೆ ಈ ಮಾದರಿಯ ತಿರುಳು ಸಿಕ್ಕಂತೆಯೇ. 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ರೂಪಿಸಿದ ಭಾಷೆ ಮುಂದೆ ಎಸ್‌ಕ್ಯೂಎಲ್ ಎಂದು ಹೆಸರಾಯಿತು. ಗಣಿತದ ಚಿಹ್ನೆಗಳಿಗೆ ಹೆದರುವವರೂ ಬಳಸಲೆಂದು ಅದನ್ನು ಸಾಮಾನ್ಯ ಇಂಗ್ಲಿಷಿಗೆ ಹತ್ತಿರ ತಂದರು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಒಳಗಿನ ತರ್ಕ ಕಣ್ಣಿಗೆ ಕಾಣದಂತಾದದ್ದು ಅಲ್ಲಿಂದಲೇ.

1976ರಲ್ಲಿ ಪೀಟರ್ ಚೆನ್ ಅವರ ಇಆರ್ (ಎಂಟಿಟಿ-ರಿಲೇಷನ್‌ಷಿಪ್) ಚಿತ್ರ, ಎಂದರೆ ಸಂಗತಿಗಳನ್ನೂ ಅವುಗಳ ಸಂಬಂಧಗಳನ್ನೂ ಚೌಕ, ಗೆರೆಗಳಲ್ಲಿ ತೋರಿಸುವ ಚಿತ್ರ, ಬಂದ ಮೇಲೆ ಮಾದರಿ ರಚನೆ ಎಂದರೆ ಚಿತ್ರ ಬರೆಯುವುದು ಎಂಬ ಭಾವನೆ ಬೇರೂರಿತು. ಗಿರಾಕಿಯ ಎದುರು ಕುಳಿತು ಮಾತಾಡಲು ಆ ಚಿತ್ರದಷ್ಟು ಅನುಕೂಲವಾದದ್ದು ಆಗ ಬೇರೆ ಇರಲಿಲ್ಲ, ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಇನ್ನೊಂದು ದಾರಿಯೂ ಅದೇ ದಶಕದಲ್ಲಿ ಯುರೋಪಿನಲ್ಲಿ ತೆರೆದುಕೊಂಡಿತ್ತು. ನೈಸ್ಸೆನ್ ಮತ್ತು ಸಂಗಡಿಗರು ಬಳಕೆದಾರರ ಮಾತಿನಲ್ಲೇ ಇರುವ ಸರಳ ವಾಕ್ಯಗಳಿಂದ ಮಾದರಿ ಕಟ್ಟುವ ನಿಯಾಮ್ ಪದ್ಧತಿಯನ್ನು ರೂಪಿಸಿದರು. ವ್ಯವಹಾರದ ನಿಯಮಗಳೆಲ್ಲ, ನೂರಕ್ಕೆ ನೂರರಷ್ಟು, ಪರಿಕಲ್ಪನಾ ಮಾದರಿಯಲ್ಲೇ ಇರಬೇಕೆಂಬ ತತ್ತ್ವವನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 1987ರ ವರದಿ ಒಪ್ಪಿಕೊಂಡಿತು. ಆಸ್ಟ್ರೇಲಿಯಾದ ಟೆರ್ರಿ ಹಾಲ್ಪಿನ್ 1989ರ ತಮ್ಮ ಪ್ರಬಂಧದಲ್ಲಿ ನಿಯಾಮ್ ಪದ್ಧತಿಗೆ ಪ್ರೆಡಿಕೇಟ್ ತರ್ಕದ ತಳಹದಿ ಹಾಕಿದರು. ತನಗೆ ತಾನೇ ಜಾಮೀನು ನಿಲ್ಲಬಾರದು, ಪರಸ್ಪರ ಜಾಮೀನು ಇರಬಾರದು ಎಂಬಂಥ ನಿರ್ಬಂಧಗಳಿಗೆ ಈ ಪರಂಪರೆಯಲ್ಲಿ ಪ್ರತ್ಯೇಕ ಚಿಹ್ನೆಗಳೇ ಇವೆ. ಆದರೂ ಪಾಠದ ಕೋಣೆಗಳಲ್ಲಿ ಗೆದ್ದದ್ದು ಚೌಕ ಮತ್ತು ಗೆರೆ.

ತರ್ಕ ಗೊತ್ತಿಲ್ಲದೆ ಬರೆದ ಪ್ರಶ್ನೆ ಎಂಥ ಉತ್ತರ ಕೊಡುತ್ತದೆ ಎಂಬುದನ್ನು ಸಂಘದ ಲೆಕ್ಕದಲ್ಲೇ ನೋಡಬಹುದು. ಎಲ್ಲ ಕಂತುಗಳನ್ನೂ ಕಟ್ಟಿದ ಸದಸ್ಯರಿಗೆ ಬಡ್ಡಿ ರಿಯಾಯಿತಿ ಎಂದು ಆಡಳಿತ ಮಂಡಳಿ ಠರಾವು ಮಾಡಿತೆನ್ನಿ. ತರ್ಕದ ‘ಎಲ್ಲ’ ಎಂಬ ಪರಿಮಾಣವನ್ನು ಹಾಗೆಯೇ ಹೇಳುವ ರಚನೆ ಎಸ್‌ಕ್ಯೂಎಲ್‌ನಲ್ಲಿ ಇಲ್ಲದ ಕಾರಣ, ‘ಕಟ್ಟದೆ ಉಳಿದ ಕಂತು ಒಂದೂ ಇಲ್ಲದ ಸದಸ್ಯರು’ ಎಂದು ಸುತ್ತಿ ಬರೆಯುವುದು ವಾಡಿಕೆ. ಪಟ್ಟಿ ಬಂದಾಗ ಅದರಲ್ಲಿ ಸಾಲವನ್ನೇ ಪಡೆಯದವರ ಹೆಸರುಗಳೂ ಇರುತ್ತವೆ. ಕಂತೇ ಇಲ್ಲದವನ ಬಗ್ಗೆ ‘ಇವನ ಎಲ್ಲ ಕಂತೂ ಕಟ್ಟಿವೆ’ ಎಂಬ ವಾಕ್ಯ ತರ್ಕದ ಪ್ರಕಾರ ನಿಜವೇ ಆದ್ದರಿಂದ ಕಂಪ್ಯೂಟರಿನದು ತಪ್ಪಲ್ಲ. ಇನ್ನು, ಯಾರಿಗೂ ಜಾಮೀನು ನಿಲ್ಲದ ಸದಸ್ಯರು ಯಾರೆಂದು ‘ಜಾಮೀನುದಾರರ ಪಟ್ಟಿಯಲ್ಲಿ ಇಲ್ಲದವರು’ ಎಂಬ ರೀತಿಯಲ್ಲಿ ಕೇಳಿದಾಗ, ಆ ಪಟ್ಟಿಯಲ್ಲಿ ಹೆಸರು ಬರೆಯುವ ಒಂದೇ ಒಂದು ಮನೆ ಖಾಲಿ ಉಳಿದಿದ್ದರೂ ಉತ್ತರವಾಗಿ ಒಂದು ಹೆಸರೂ ಬರುವುದಿಲ್ಲ. ಖಾಲಿ ಮನೆಯಲ್ಲಿ ಇರಬೇಕಾದವನು ಈ ಸದಸ್ಯನೇ ಇರಬಹುದು, ಇಲ್ಲದಿರಲೂಬಹುದು. ಹಾಗಾಗಿ ಪಟ್ಟಿಯಲ್ಲಿ ಹೆಸರಿಲ್ಲದ ಪ್ರತಿಯೊಬ್ಬರ ವಿಷಯದಲ್ಲೂ ಉತ್ತರ ನಿಜವೂ ಅಲ್ಲ, ಸುಳ್ಳೂ ಅಲ್ಲ, ‘ಗೊತ್ತಿಲ್ಲ’ ಎಂದಾಗುತ್ತದೆ. ಕಾಡ್ 1979ರಲ್ಲಿ ಚರ್ಚಿಸಿದ ಮೂರು ಮೌಲ್ಯಗಳ ತರ್ಕ ಇದೇ. ಅದನ್ನು ಓದಿದವರು ಮಾದರಿ ರಚಿಸುವಾಗಲೇ ಆ ಮನೆ ಖಾಲಿ ಇರಬಹುದೇ ಎಂದು ಕೇಳುತ್ತಾರೆ.

ನಮ್ಮಲ್ಲಿ ಈ ಅಂತರ ಇನ್ನಷ್ಟು ಹೆಚ್ಚಲು ಬೇರೊಂದು ಕಾರಣವೂ ಇದೆ. ಪಿಯುಸಿಯಲ್ಲಿ ತರ್ಕಶಾಸ್ತ್ರ ಕಲಾ ವಿಭಾಗದ ವಿಷಯ. ಧಾರವಾಡದಲ್ಲೋ ಹಾವೇರಿಯಲ್ಲೋ ಅದನ್ನು ಆಸ್ಥೆಯಿಂದ ಓದಿದ ವಿದ್ಯಾರ್ಥಿ ಸಾಮಾನ್ಯವಾಗಿ ಡೇಟಾಬೇಸಿನ ಹತ್ತಿರ ಸುಳಿಯುವುದಿಲ್ಲ. ವಿಜ್ಞಾನ ಓದಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಸೇರಿದವರಿಗೆ ತರ್ಕ ಸಿಗುವುದು ಡಿಸ್ಕ್ರೀಟ್ ಗಣಿತದ ಒಂದು ಅಧ್ಯಾಯವಾಗಿ, ಡೇಟಾಬೇಸ್ ಪಾಠದ ಜೊತೆ ನಂಟು ಕಡಿದುಕೊಂಡು. ಎರಡನ್ನೂ ಒಟ್ಟಿಗೆ ಕಲಿಸಿದರೆ ಹೊರೆಯೇನೂ ಹೆಚ್ಚುವುದಿಲ್ಲ. ‘ಮತ್ತು’, ‘ಅಥವಾ’, ‘ಆದರೆ ಮಾತ್ರ’ಗಳ ಸತ್ಯ ಕೋಷ್ಟಕ, ಎರಡು ಪರಿಮಾಣಗಳು, ಸಮತೆ, ಸಂಬಂಧಗಳ ಗುಣಗಳು, ಗಣಗಳ ಪ್ರಾಥಮಿಕ ಪರಿಚಯ ಇಷ್ಟಿದ್ದರೆ ಮಾದರಿಯ ಕೆಲಸಕ್ಕೆ ಬಹುಮಟ್ಟಿಗೆ ಸಾಕು. ತರ್ಕದ ಮಿತಿಗಳನ್ನು ತೋರಿಸಿದ ಗ್ಯೋಡೆಲ್‌ನ ಪ್ರಮೇಯಗಳ ತನಕ ಹೋಗುವ ಅಗತ್ಯ ಈ ಕೆಲಸಕ್ಕಿಲ್ಲ.

ಅಭ್ಯಾಸಕ್ಕೆ ನಿಯಾಮ್ ಪರಂಪರೆಯ ಕ್ರಮವೇ ನನಗೆ ಹೆಚ್ಚು ಹಿಡಿಸುತ್ತದೆ. ಮೊದಲು ಬೈಲಾದ ನಿಯಮವನ್ನು ಕನ್ನಡದಲ್ಲೇ, ಒಂದು ವಾಕ್ಯದಲ್ಲಿ ಒಂದೇ ಸಂಗತಿ ಬರುವಂತೆ ಬಿಡಿಸಿ ಬರೆಯಬೇಕು. ನಂತರ ಅದನ್ನು ಚಿಹ್ನೆಗಳಲ್ಲಿ ಬರೆದು, ಆ ಚಿಹ್ನೆಗಳನ್ನು ತಿರುಗಿ ಕನ್ನಡಕ್ಕೆ ಓದಿ, ಮೊದಲಿನ ವಾಕ್ಯಕ್ಕೆ ತಾಳೆ ಹಾಕಬೇಕು. ಕೊನೆಗೆ ನಾಲ್ಕಾರು ಮಾದರಿ ಸಾಲುಗಳನ್ನು ತುಂಬಿ, ನಿಯಮ ಮುರಿಯುವ ಸಾಲೊಂದನ್ನು ಬೇಕೆಂದೇ ಸೇರಿಸಿ, ಸಂಘದ ಕಾರ್ಯದರ್ಶಿಯವರ ಮುಂದಿಡಬೇಕು: ಬಸಪ್ಪನ ಸಾಲಕ್ಕೆ ಶಿವಪ್ಪ, ಶಿವಪ್ಪನ ಸಾಲಕ್ಕೆ ಬಸಪ್ಪ, ಇದು ನಡೆಯುತ್ತದೆಯೇ? ಅವರು ನಡೆಯುತ್ತದೆ ಅಥವಾ ಇಲ್ಲ ಎಂದರೆ ನಿರ್ಬಂಧವನ್ನು ಹಾಗೆಯೇ ಬರೆಯಬಹುದು. ಮಂಡಳಿಯ ಸಭೆಯಲ್ಲಿ ಕೇಳಬೇಕು ಎಂದರೆ ಆ ನಿಯಮವನ್ನು ಸಂಘವೇ ಇನ್ನೂ ಗೊತ್ತುಮಾಡಿಲ್ಲವೆಂದು ತಿಳಿದು, ಠರಾವು ಆಗುವವರೆಗೆ ಮಾದರಿಯಲ್ಲಿ ಆ ಜಾಗವನ್ನು ತೆರೆದೇ ಇಡಬೇಕು.