ಜುಲೈ ಬಂತು ಅಂದ್ರೆ ಕಾಕಾ ಫೋನ್ ಮಾಡ್ತಿದ್ರು

ವಿಠ್ಠಲನ ಭಕ್ತರ ಪಾಲಖಿ ಯಾತ್ರೆ ಪುಣೆ ದಾಟಿ ಪಂಢರಪುರದ ದಾರಿ ಹಿಡಿತು ಅಂದ್ರೆ ನನಗೆ ಎರಡು ಚಿಂತೆ ಶುರುವಾಗ್ತಿತ್ತು, ಒಂದು ಇಲ್ಲಿ ಪುಣೆಯಲ್ಲಿ ವಾಕಡದಿಂದ ಆಫೀಸಿರೋ ಹಿಂಜವಡಿಗೆ ಹೋಗೋ ರಸ್ತೇಲಿ ನಿಲ್ಲೋ ನೀರು, ಇನ್ನೊಂದು ಕಾಕಾ ಫೋನು. ಬೆಳಿಗ್ಗೆ ಏಳಕ್ಕೇ ಬರ್ತಿತ್ತು. "ತಮ್ಮಾ, ನಿನ್ನ ಯಂತ್ರ ಮತ್ತ ಮಕ್ಕೊಂಡೈತಿ ನೋಡಪಾ."

ಯಂತ್ರ ಅಂದ್ರೆ ಕಂಪ್ಯೂಟರ್‌ನಲ್ಲಿ ಮೇಲ್ ನೋಡೋ ಥಂಡರ್‌ಬರ್ಡ್ ಅನ್ನೋ ಪ್ರೋಗ್ರಾಮ್‌ಗೆ ನಾನು ಬರೆದ ಒಂದು ಸಣ್ಣ ಆ್ಯಡ್‌ಆನ್, ಅಂದ್ರೆ ಮೇಲಿಂದ ಸೇರಿಸೋ ಜೋಡಣೆ, ಮೇಲ್‌ಗೆ ಲಗತ್ತು ಹಾಕೋದು ಮರೆತ್ರೆ ಎಚ್ಚರಿಸೋದು ಅದರ ಕೆಲಸ. ಕಾಕಾ ನಮ್ಮ ಸೊಸೈಟಿಯವರೇ, ಬ್ಯಾಂಕಿಂದ ರಿಟೈರ್ ಆಗಿ ಇಲ್ಲಿನ ಒಂದು ಕನ್ನಡ ಸಂಘದ ಪತ್ರವ್ಯವಹಾರ ನೋಡ್ಕೋತಾರೆ. ಮೇಲ್ ಎಲ್ಲಾ ತಮ್ಮ ಕಂಪ್ಯೂಟರ್‌ನಲ್ಲೇ ಇರಬೇಕು ಅನ್ನೋ ಹಟ, ಹಾಗಾಗಿ ಥಂಡರ್‌ಬರ್ಡ್. 2019ರಲ್ಲಿ ಒಂದು ಸಲ ರಾಜ್ಯೋತ್ಸವದ ಆಮಂತ್ರಣ ಅಂತ ಎಲ್ಲಾ ಸದಸ್ಯರಿಗೂ ಮೇಲ್ ಕಳಿಸಿದ್ರು, "ಆಮಂತ್ರಣ ಪತ್ರಿಕೆ ಲಗತ್ತಿಸಿದ್ದೇನೆ" ಅಂತ ಚೆಂದಾಗಿ ಬರೆದಿದ್ರು, ಪತ್ರಿಕೆ ಮಾತ್ರ ಇರಲಿಲ್ಲ. ಹತ್ತು ನಿಮಿಷಕ್ಕೆ "ಕ್ಷಮಿಸಿ, ಈಗ ಲಗತ್ತಿಸಿದ್ದೇನೆ" ಅಂತ ಇನ್ನೊಂದು ಬಂತು. ಅದರಲ್ಲೂ ಇರಲಿಲ್ಲ.

ಥಂಡರ್‌ಬರ್ಡ್‌ನಲ್ಲಿ ಲಗತ್ತು ಮರೆತ್ರೆ ನೆನಪಿಸೋ ವ್ಯವಸ್ಥೆ ಬಹಳ ವರ್ಷದಿಂದ್ಲೂ ಇದೆ, ಸೆಟ್ಟಿಂಗ್ಸ್‌ನಲ್ಲಿ ನಮಗೆ ಬೇಕಾದ ಪದ ಸೇರಿಸ್ಕೋಬಹುದು. ತೊಂದ್ರೆ ಏನಂದ್ರೆ ಅದು ಪೂರ್ತಿ ಪದಾನೇ ಹುಡುಕೋದು, ನಮ್ಮ ಭಾಷೆಯಲ್ಲಿ ಒಂದು ಕ್ರಿಯಾಪದ ಬಾಲ ಬೆಳೆಸ್ಕೊಂಡು ಹೋಗ್ತಾನೇ ಇರ್ತದೆ, ಲಗತ್ತಿಸಿದೆ, ಲಗತ್ತಿಸಿದ್ದೇನೆ, ಲಗತ್ತಿಸಿದ್ದೇವೆ, ಲಗತ್ತಿಸಲಾಗಿದೆ, ಲಗತ್ತಿಸಿರುವ, ಎಷ್ಟು ಅಂತ ಸೇರಿಸ್ತೀರಿ. ಅದಕ್ಕೆ ಒಂದು ಭಾನುವಾರ ಕೂತು ನಾನೇ ಬರೆದೆ. ಬರೆಯೋಕೆ ಹಿಡಿದದ್ದು ಒಂದು ಭಾನುವಾರ, ಅದನ್ನ ಬದುಕಿಸಿಟ್ಟುಕೊಳ್ಳೋಕೆ ಹಿಡಿದದ್ದು ಆಮೇಲಿನ ಅಷ್ಟೂ ವರ್ಷ.

ಆಗ ಇದ್ದದ್ದು ವರ್ಶನ್ 68. ಹಳೇ ಪದ್ಧತಿಯಲ್ಲಿ ಆ್ಯಡ್‌ಆನ್ ಅಂದ್ರೆ ಪ್ರೋಗ್ರಾಮ್‌ನ ಹೊಟ್ಟೆ ಒಳಗೇ ಹೋಗಿ ಕೂರೋದು. ಬರೆಯೋ ಕಿಟಕಿಯ ಮೇಲೆ ನಮ್ಮದೊಂದು ಪದರ ಹೊದಿಸಿ, ಸೆಂಡ್ ಒತ್ತಿದಾಗ ಏಳೋ ಈವೆಂಟ್ (ಸೂಚನೆ) ಹಿಡಿದು, ಬೇಡ ಅನಿಸಿದ್ರೆ ತಡೆದು ನಿಲ್ಲಿಸೋದು. ಏನು ಬೇಕಾದ್ರೂ ಮಾಡಬಹುದಿತ್ತು, ಪುಕ್ಕಟೆ ಸ್ವಾತಂತ್ರ್ಯ. ಫೈರ್‌ಫಾಕ್ಸ್ ಬ್ರೌಸರ್ 2017ರ ನವೆಂಬರ್‌ನಲ್ಲಿ 57ನೇ ವರ್ಶನ್‌ಗೇ ಈ ಪದ್ಧತಿ ಬಿಟ್ಟಾಗಿತ್ತು, ಥಂಡರ್‌ಬರ್ಡ್ ಕಟ್ಟೋದು ಅದೇ ಫೈರ್‌ಫಾಕ್ಸ್‌ನ ಅಡಿಪಾಯದ ಮೇಲೆ, ಹಾಗಾಗಿ ಇಲ್ಲೂ ಅದೇ ಗತಿ ಬರ್ತದೆ ಅಂತ ಕಣ್ಣಿದ್ದವರಿಗೆಲ್ಲಾ ಕಾಣ್ತಿತ್ತು. ನನಗೂ ಕಾಣ್ತಿತ್ತು, ನೋಡ್ಲಿಲ್ಲ ಅಷ್ಟೇ. 2020ರ ಜುಲೈನಲ್ಲಿ 78 ಬಂತು, ಹಳೇ ಪದರದ ಪದ್ಧತಿ ಪೂರ್ತಿ ಹೋಯ್ತು, ಇನ್ಮೇಲೆ ಮೇಲ್‌ಎಕ್ಸ್‌ಟೆನ್ಶನ್ ಅನ್ನೋ ಹೊಸ ಪದ್ಧತಿ ಮಾತ್ರ ಅಂದ್ರು. ಲಾಕ್‌ಡೌನ್ ಬೇರೆ. ಕಾಕಾರ ಮೊದಲನೇ ಫೋನ್ ಬಂದಿದ್ದು ಆಗಲೇ.

ಈಗ ತಾಂತ್ರಿಕ ವಿಷಯಕ್ಕೆ ಬರ್ತೀನಿ, ಆ್ಯಡ್‌ಆನ್ ಬರೆಯೋ ಆಸೆ ಇರೋರು ಇದನ್ನ ಗಮನ ಇಟ್ಟು ಓದಿ. ಹೊಸ ಪದ್ಧತಿಯಲ್ಲಿ ಎರಡು ದಾರಿ ಇವೆ. ಒಂದು ಥಂಡರ್‌ಬರ್ಡ್‌ನವರೇ ಕೊಟ್ಟಿರೋ ಎಪಿಐ, ಇಂತಿಂಥದ್ದು ಕೇಳಬಹುದು, ಇಂತಿಂಥದ್ದು ಮಾಡಬಹುದು ಅಂತ ಗೆರೆ ಹಾಕಿಟ್ಟಿರ್ತಾರೆ, ಆ ಗೆರೆ ಒಳಗೆ ಇದ್ರೆ ಒಳಗಡೆ ಅವರು ಗೋಡೆ ಒಡೆದು ಕಟ್ಟಿದ್ರೂ ನಿಮ್ಮ ಕೋಡ್ ಸಾಮಾನ್ಯವಾಗಿ ಅಲ್ಲಾಡೋದಿಲ್ಲ. ಇನ್ನೊಂದು ಎಕ್ಸ್‌ಪೆರಿಮೆಂಟ್ ಅಂತ. ಎಪಿಐಯಲ್ಲಿ ಇಲ್ಲದ್ದು ಬೇಕಾದ್ರೆ ನೀವೇ ಒಂದು ಎಪಿಐ ಬರೆದು ಪ್ಯಾಕೆಟ್ ಒಳಗೆ ಸೇರಿಸಬಹುದು, ಅದಕ್ಕೆ ಹಳೇ ಕಾಲದ ಹಾಗೆ ಹೊಟ್ಟೆ ಒಳಗೆ ಕೈ ಹಾಕೋ ಅಧಿಕಾರ ಇರ್ತದೆ. ಕೈ ಹಾಕಬಹುದು ನಿಜ, ಆದ್ರೆ ಒಳಗಿನ ಹೆಸರು ಬದಲಾದ್ರೆ, ಫೈಲ್ ಬೇರೆ ಕಡೆ ಹೋದ್ರೆ ಯಾರೂ ನಿಮಗೆ ಹೇಳಿ ಕಳಿಸೋದಿಲ್ಲ. ಥಂಡರ್‌ಬರ್ಡ್ ಒಳಗಿನ ಜೆಎಸ್‌ಎಂ ಅನ್ನೋ ಹಳೇ ಮಾಡ್ಯೂಲುಗಳನ್ನ (ಕೋಡ್ ಫೈಲುಗಳನ್ನ) ನಿಧಾನಕ್ಕೆ ಇಎಸ್ ಮಾಡ್ಯೂಲ್ ಅನ್ನೋ ಹೊಸ ರೀತಿಗೆ ಬದಲಾಯಿಸ್ತಾ ಹೋದಾಗ ಎಷ್ಟೋ ಆ್ಯಡ್‌ಆನ್‌ಗಳು ಬರೀ ಅವನ್ನ ಇಂಪೋರ್ಟ್ ಮಾಡೋ, ಅಂದ್ರೆ ಕರೆದು ತರೋ ಸಾಲಿಗೇ ಬಿದ್ದುಹೋದ್ವು. ಇದೇ ಕಾರಣಕ್ಕೆ ಎಕ್ಸ್‌ಪೆರಿಮೆಂಟ್ ಇರೋ ಆ್ಯಡ್‌ಆನ್‌ನ ವಿವರ ಬರೆಯೋ ಮ್ಯಾನಿಫೆಸ್ಟ್ ಫೈಲಲ್ಲಿ "ಇಷ್ಟನೇ ವರ್ಶನ್ ತನಕ ಮಾತ್ರ" ಅಂತ ಮಿತಿ ಬರೀಬೇಕು. ಆ ಮಿತಿ ದಾಟಿದ ಹೊಸ ವರ್ಶನ್ ಬಂದ ದಿನ ಆ್ಯಡ್‌ಆನ್ ತಾನೇ ಆಫ್ ಆಗ್ತದೆ. ಕಾಕಾ ಭಾಷೆಯಲ್ಲಿ ಮಕ್ಕೋತೈತಿ.

ನನಗೆ ಎಕ್ಸ್‌ಪೆರಿಮೆಂಟ್ ಯಾಕೆ ಬೇಕಾಗಿತ್ತು? ನಿಜ ಹೇಳಬೇಕಂದ್ರೆ ಬೇಕಾಗಿರಲೇ ಇಲ್ಲ. ಸೆಂಡ್ ಒತ್ತಿದಾಗ ತಡೆಯೋಕೆ 78ರಲ್ಲೇ ಸರಿಯಾದ ಎಪಿಐ ಇತ್ತು, ಆನ್‌ಬಿಫೋರ್‌ಸೆಂಡ್ ಅಂತ. ಆದ್ರೆ ಅಷ್ಟೊತ್ತಿಗೆ ಯಾರೋ ಒಬ್ರು "ಸರ್, ಮೇಲ್ ಪಟ್ಟಿಯಲ್ಲಿ ತಾರೀಕು ಕನ್ನಡ ಅಂಕಿಯಲ್ಲಿ ಕಾಣೋ ಹಾಗೆ ಒಂದು ಕಾಲಂ ಕೊಡಿ" ಅಂತ ಕೇಳಿದ್ರು, ನಾನು ಹುಮ್ಮಸ್ಸಲ್ಲಿ ಹಾಕಿಕೊಟ್ಟೆ. ೧೨, ೧೩ ಅಂತ ಕಂಡಾಗ ಖುಷಿನೂ ಆಯ್ತು. ಆ ಕಾಲಂಗೆ ಎಪಿಐ ಇರಲಿಲ್ಲ, ಎಕ್ಸ್‌ಪೆರಿಮೆಂಟೇ ಗತಿ. ಎಷ್ಟು ಜನ ಬಳಸ್ತಿದ್ರೋ, ನನಗೆ ಗೊತ್ತಿದ್ದಂತೆ ಕೇಳಿದವರು ಮತ್ತು ನಾನು. ಆ ಒಂದು ಕಾಲಂಗೋಸ್ಕರ 2021ರಲ್ಲಿ 91 ಬಂದಾಗ ಎರಡು ರಾತ್ರಿ, 2022ರಲ್ಲಿ 102 ಬಂದಾಗ ಒಂದು ವಾರ ಹೋಯ್ತು. 2023ರ ಜುಲೈನಲ್ಲಿ 115 ಬಂತು, ಸೂಪರ್‌ನೋವಾ ಅಂತ ಹೆಸರು, ಮುಖ್ಯ ಕಿಟಕಿಯನ್ನೇ ಹೊಸದಾಗಿ ಕಟ್ಟಿದ್ರು, ಮೇಲ್ ಪಟ್ಟಿ ತೋರಿಸ್ತಿದ್ದ ಟ್ರೀ ಅನ್ನೋ ಹಳೇ ಚೌಕಟ್ಟು ತೆಗೆದು ಬೇರೇನೇ ಹಾಕಿದ್ರು. ನನ್ನ ಕಾಲಂ ಜೋತು ಬಿದ್ದಿದ್ದ ಗೂಟಾನೇ ಇರಲಿಲ್ಲ.

ಆವತ್ತು ರಾತ್ರಿ ಒಂದೂವರೆ ತನಕ ಕೂತು, ಮರುದಿನ ಆಫೀಸಲ್ಲಿ ಮೀಟಿಂಗ್‌ನಲ್ಲಿ ತೂಕಡಿಸಿ, ಸಂಜೆ ಮನೆಗೆ ಬಂದು ಕಾಲಂನ ಕೋಡ್ ಪೂರ್ತಿ ಅಳಿಸಿಬಿಟ್ಟೆ. ಅದರ ಜೊತೆ ಎಕ್ಸ್‌ಪೆರಿಮೆಂಟ್ ಫೋಲ್ಡರ್‌ನೂ. ಉಳಿದದ್ದು ಮೊದಲಿನ ಅರ್ಧದಷ್ಟೂ ಇರಲಿಲ್ಲ. ಕಾಲಂ ಕೇಳಿದವರು ಒಂದು ನಕ್ಷತ್ರ ಕೊಟ್ಟು "ಇದ್ದದ್ದನ್ನೂ ತೆಗೆದಿದ್ದಾರೆ" ಅಂತ ಬರೆದ್ರು, ಅವರ ಮಾತು ಸುಳ್ಳಲ್ಲ. ಆದ್ರೆ ಎಕ್ಸ್‌ಪೆರಿಮೆಂಟ್ ಹೋದ ಮೇಲೆ ವರ್ಶನ್ ಮಿತಿ ಬರೆಯೋ ಕಡ್ಡಾಯಾನೂ ಹೋಯ್ತು. 2024ರಲ್ಲಿ 128 ಬಂತು, ಫೋನ್ ಬರಲಿಲ್ಲ. 2025ರ ಮಾರ್ಚ್‌ನಿಂದ ಥಂಡರ್‌ಬರ್ಡ್‌ನವರು ತಿಂಗಳಿಗೊಂದು ವರ್ಶನ್ ಕೊಡೋ ಚಾನೆಲ್ಲನ್ನೇ ಮುಂದಿಟ್ಟಿದ್ದಾರೆ, ಎಕ್ಸ್‌ಪೆರಿಮೆಂಟ್ ಇಟ್ಕೊಂಡವರಿಗೆ ವರ್ಷಕ್ಕೊಂದು ಜುಲೈ ಇದ್ದದ್ದು ತಿಂಗಳಿಗೊಂದು ಜುಲೈ ಆಗಿದೆ. ಅವರ ಕಷ್ಟ ನೆನೆಸ್ಕೊಂಡ್ರೆ ಅಯ್ಯೋ ಅನಿಸ್ತದೆ.

ಹಾಗಂತ ಕೆಲಸ ಮುಗೀತು ಅಂತಲ್ಲ, ನಿಜವಾದ ಕೆಲಸಕ್ಕೆ ಟೈಮ್ ಸಿಕ್ತು. ನಿಜವಾದ ಕೆಲಸ ಕನ್ನಡದ್ದು.

ಆ್ಯಡ್‌ಆನ್ ಬರೆಯೋ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಪದದ ಅಂಚು ಹುಡುಕೋಕೆ ಬ್ಯಾಕ್‌ಸ್ಲ್ಯಾಶ್ ಬಿ (\b) ಅಂತ ಬರೀತೀವಿ, ಎಲ್ಲಾ ಪುಸ್ತಕದಲ್ಲೂ ಅದೇ ಇರ್ತದೆ. ಅದರ ಪ್ರಕಾರ ಅಕ್ಷರ ಅಂದ್ರೆ ಇಂಗ್ಲಿಷಿನ 26 ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಅಷ್ಟೇ. ಕನ್ನಡದ ಲ ಅದಕ್ಕೆ ಅಕ್ಷರವೇ ಅಲ್ಲ, ಖಾಲಿ ಜಾಗಕ್ಕೂ ಲಕಾರಕ್ಕೂ ನಡುವೆ ಅಂಚೇ ಕಾಣೋದಿಲ್ಲ, ಹಾಗಾಗಿ ಹುಡುಕಾಟ ಯಾವತ್ತೂ ಗೆಲ್ಲೋದಿಲ್ಲ, ಎರರ್ ಕೂಡ ಕೊಡೋದಿಲ್ಲ, ಸುಮ್ನೆ ಇರ್ತದೆ. ಇದಕ್ಕೆ ಯೂನಿಕೋಡ್ (ಎಲ್ಲಾ ಲಿಪಿಯ ಅಕ್ಷರಕ್ಕೂ ಸಂಖ್ಯೆ ಕೊಟ್ಟಿರೋ ಪಟ್ಟಿ) ಹೇಳೋ ಗುಣ ನೋಡೋ ರೀತಿಯಲ್ಲಿ, ಅಕ್ಷರ ಮತ್ತು ಅದಕ್ಕೆ ಅಂಟೋ ಚಿಹ್ನೆ ಎರಡನ್ನೂ ಸೇರಿಸಿ ನಾವೇ ಅಂಚು ಕಟ್ಕೋಬೇಕು. ಎರಡನ್ನೂ ಅಂತ ಒತ್ತಿ ಹೇಳ್ತೀನಿ, ಬರೀ ಅಕ್ಷರ ಅಂದ್ರೆ ಕೊಂಬು, ಗುಡಿಸು, ಒತ್ತು ಹೊರಗೇ ಉಳೀತವೆ.

ಆಮೇಲೆ ಓತ್ವ. "ಜೋಡಿಸಿದ್ದೇನೆ"ಯ ಜೋ ನೋಡೋಕೆ ಒಂದೇ, ಆದ್ರೆ ಯೂನಿಕೋಡ್‌ನಲ್ಲಿ ಆ ಓತ್ವವನ್ನ ಒಂದೇ ಚಿಹ್ನೆಯಾಗಿಯೂ ಬರೀಬಹುದು, ಮೂರು ತುಂಡಾಗಿಯೂ ಬರೀಬಹುದು. ಎಲ್ಲಿಂದಲೋ ಕಾಪಿ ಮಾಡಿ ತಂದ ಸಾಲಿನಲ್ಲಿ ಮೂರು ತುಂಡು ಇದ್ರೆ ಕಣ್ಣಿಗೆ ಗೊತ್ತಾಗೋದಿಲ್ಲ, ಕೋಡ್‌ಗೆ ಅದು ಬೇರೇನೇ ಪದ. ಹುಡುಕೋ ಮೊದಲು ಎನ್‌ಎಫ್‌ಸಿ ನಾರ್ಮಲೈಸ್ ಮಾಡಿದ್ರೆ, ಅಂದ್ರೆ ತುಂಡು ಕೂಡಿಸಿ ಒಂದೇ ರೂಪಕ್ಕೆ ತಂದ್ರೆ ಮುಗೀತು, ಒಂದೇ ಸಾಲು, ಆ ಒಂದು ಸಾಲು ಬೇಕು ಅಂತ ತಿಳಿಯೋಕೆ ನನಗೆ ಎರಡು ವರ್ಷ ಹಿಡೀತು. ಅಟ್ಯಾಚ್‌ಮೆಂಟ್ ಅನ್ನೋ ಪದದ್ದು ಇನ್ನೊಂದು ಕತೆ, ಕೆಲವರು ಚ್ ಆದ ಮೇಲೆ ಕಣ್ಣಿಗೆ ಕಾಣದ ಆ ಬಿಡಿಸೋ ಚಿಹ್ನೆ ಹಾಕಿ ಬರೀತಾರೆ, ಕೆಲವರು ಹಾಕದೆ ಒತ್ತಕ್ಷರ ಮಾಡಿ ಬರೀತಾರೆ. ಇದನ್ನ ಹಿಡಿದಿದ್ದು ನಾನಲ್ಲ, ವಿಜಯಪುರದ ಒಂದು ಹುಡುಗಿ, ನಮ್ಮ ಆಫೀಸಿನ ಪಕ್ಕದ ಬಿಲ್ಡಿಂಗ್‌ನಲ್ಲಿ ಟೆಸ್ಟಿಂಗ್ ಕೆಲಸ ಮಾಡ್ತಾಳೆ. "ಅಣ್ಣಾ, ನೀವು ಬರ್ಯೂ ಕೀಬೋರ್ಡ್ ಒಂದರಾಗ ಅಷ್ಟ ಟೆಸ್ಟ್ ಮಾಡೀರಿ, ಮಂದಿ ಹತ್ತು ಥರಾ ಟೈಪ್ ಮಾಡ್ತಾರ್ರಿ" ಅಂದ್ಲು. ಹೌದು ಮತ್ತೆ.

ಆದ್ರೆ ನನ್ನ ಅತಿ ದೊಡ್ಡ ಮರ್ಯಾದೆ ಹೋದದ್ದು ಅಡಕೆಯಿಂದ. ಸರಕಾರಿ ಶೈಲಿಯಲ್ಲಿ ಪತ್ರ ಬರೆಯೋರು "ಇದರೊಂದಿಗೆ ಅಡಕ" ಅಂತ ಬರೀತಾರಲ್ಲ, ಅದನ್ನೂ ಪಟ್ಟಿಗೆ ಸೇರಿಸಿದ್ದೆ, ಬಾಲ ಏನೇ ಇರಲಿ ಶುರು "ಅಡಕ" ಅಂತಿದ್ರೆ ಸಾಕು ಅಂತ. ಶಿರಸಿ ಕಡೆಯವರೊಬ್ರು ಬರೆದ್ರು, ತಮ್ಮನಿಗೆ ಅಡಕೆ ದರ ಕೇಳಿ ಮೇಲ್ ಹಾಕಿದಾಗೆಲ್ಲಾ ನಿಮ್ಮ ಆ್ಯಡ್‌ಆನ್ "ಲಗತ್ತು ಮರೆತಿರಾ?" ಅಂತ ಕೇಳ್ತದೆ ಮಾರಾಯ್ರೆ, ಅಡಕೆ ಮೇಲ್‌ನಲ್ಲಿ ಹ್ಯಾಗೆ ಲಗತ್ತಿಸೋದು ಅಂತ. ನಾನು ಧಾರವಾಡದವನು, ನಾವು ಅನ್ನೋದು ಅಡಿಕಿ, ನನಗೆ ಹೊಳೆಯೋದಾದ್ರೂ ಹ್ಯಾಗೆ. ಈಗ "ಅಡಕ" ಆದ ಮೇಲೆ ಎತ್ವ ಬಂದ್ರೆ ಬಿಟ್ಟುಬಿಡು ಅಂತ ಬರೆದಿದೀನಿ.

ಉತ್ತರ ಬರೆಯೋ ಮೇಲ್‌ನಲ್ಲಿ ಕೆಳಗೆ ಹಳೇ ಪತ್ರ ಇರ್ತದಲ್ಲ, ಅದರಲ್ಲಿ ಎದುರಿನವರು "ಲಗತ್ತಿಸಿದೆ" ಅಂದಿರ್ತಾರೆ, ನಾವು "ಸರಿ, ಸಿಕ್ತು" ಅಂತ ಬರೆದ್ರೂ ಎಚ್ಚರಿಕೆ ಬರ್ತದೆ. ಹಾಗಾಗಿ ಮೊದಲು ಬ್ಲಾಕ್‌ಕೋಟ್ (ಆ ಹಳೇ ಪತ್ರದ ಭಾಗ) ತೆಗೆದು, ಸಹಿ ತೆಗೆದು, ಸಾದಾ ಪಠ್ಯ ಆದ್ರೆ ಬಾಣದ ಗುರುತಿಂದ (>) ಶುರುವಾಗೋ ಸಾಲು ತೆಗೆದು, ಉಳಿದದ್ದರಲ್ಲಿ ಮಾತ್ರ ಹುಡುಕಬೇಕು.

ಇನ್ನು ಪರ್ಮಿಶನ್. ಒಂದು ಸಲ ಮುಂದೆ ಬೇಕಾಗಬಹುದು ಅಂತ ವಿಳಾಸ ಪುಸ್ತಕ ಓದೋ ಅನುಮತಿ ಕೂಡ ಸೇರಿಸಿ ಅಪ್‌ಡೇಟ್ ಬಿಟ್ಟೆ. ಹೊಸ ಅನುಮತಿ ಇದ್ರೆ ಬಳಸೋರು ಒಪ್ಪೋ ತನಕ ಅಪ್‌ಡೇಟ್ ಒಳಗೆ ಹೋಗೋದಿಲ್ಲ. ಕಾಕಾ ಬ್ಯಾಂಕಿನವರು, ಅನುಮತಿ ಕೇಳಿದ್ರೆ ಕೊಡೋರೇ ಅಲ್ಲ, ಕ್ಯಾನ್ಸಲ್ ಒತ್ತಿ ಆರು ತಿಂಗಳು ಹಳೇ ವರ್ಶನ್‌ನಲ್ಲೇ ಇದ್ರು. "ನನ್ನ ವಿಳಾಸ ಪುಸ್ತಕ ನಿನಗ್ಯಾಕ ಬೇಕೋ?" ಅಂತ ಕೇಳಿದ್ರು ಲಿಫ್ಟ್‌ನಲ್ಲಿ, ನನ್ನತ್ರ ಉತ್ತರ ಇರಲಿಲ್ಲ. ತೆಗೆದೆ. ಈಗ ಬರೆಯೋ ಮೇಲ್ ನೋಡೋ ಅನುಮತಿ ಒಂದೇ ಇರೋದು.

ಸಣ್ಣಪುಟ್ಟ ಮಾತು ಒಂದೆರಡು. ಆ್ಯಡ್‌ಆನ್ ಕಟ್ಟಿಕೊಡೋ ಎಕ್ಸ್‌ಪಿಐ ಫೈಲ್ ಅಂದ್ರೆ ಬರೀ ಜಿಪ್, ಆದ್ರೆ ಫೋಲ್ಡರ್ ಜಿಪ್ ಮಾಡಬೇಡಿ, ಫೋಲ್ಡರ್ ಒಳಗಿನದ್ದನ್ನ ಮಾಡಿ, ಮ್ಯಾನಿಫೆಸ್ಟ್ ಮೇಲೇ ಕಾಣಬೇಕು. ಆ್ಯಡ್‌ಆನ್‌ನ ಐಡಿ ಒಂದು ಸಲ ಇಟ್ಟ ಮೇಲೆ ಮುಟ್ಟಬೇಡಿ, ಬದಲಾಯಿಸಿದ್ರೆ ಅದು ಬೇರೇನೇ ಆ್ಯಡ್‌ಆನ್, ಹಳೇ ಜನಕ್ಕೆ ಅಪ್‌ಡೇಟ್ ಹೋಗೋದಿಲ್ಲ. ನಿಮ್ಮ ಸ್ವಂತ ಮೇಲ್ ಇರೋ ಪ್ರೊಫೈಲ್‌ನಲ್ಲಿ ಟೆಸ್ಟ್ ಮಾಡಬೇಡಿ, ಬೇರೆ ಪ್ರೊಫೈಲ್ ಮಾಡ್ಕೊಳ್ಳಿ, ಬಿಡುಗಡೆಗೆ ಮುಂಚಿನ ಬೀಟಾ ವರ್ಶನ್ ಹಾಕ್ಕೊಳ್ಳಿ. ಮತ್ತೆ ಇನ್ನೊಬ್ಬರ ಹೆಸರನ್ನೂ ಡೆವಲಪರ್ ಅಂತ ಸೇರಿಸಿಡಿ. ಮಳೆಗಾಲದಲ್ಲಿ ಹಿಂಜವಡಿಗೆ ಬೈಕ್ ಮೇಲೆ ಹೋಗೋನು ನಾನು, ನನ್ನ ಪಾಸ್‌ವರ್ಡ್ ನನ್ನ ತಲೆಯಲ್ಲಷ್ಟೇ ಇದ್ರೆ ಹ್ಯಾಗೆ? ವಿಜಯಪುರದ ಹುಡುಗಿ ಹೆಸರು ಸೇರಿಸಿದೀನಿ, ಈಗ ಅರ್ಧ ಬಗ್ ಅವಳೇ ನೋಡ್ತಾಳೆ, ಉಳಿದರ್ಧ ನನ್ನವು ಅಂತ ಬೈತಾಳೆ.

2025ರ ಜುಲೈನಲ್ಲಿ 140 ಬಂತು. ವಾರ ಆಯ್ತು, ಹತ್ತು ದಿನ ಆಯ್ತು, ಫೋನಿಲ್ಲ. ನನಗೇ ತಡೀಲಾರದೆ ಕಾಕಾಗೆ ಫೋನ್ ಹಚ್ಚಿದೆ, ಯಂತ್ರ ಹ್ಯಾಂಗದರಿ ಕಾಕಾ ಅಂತ.

"ಯಂತ್ರ ಬರೋಬ್ಬರಿ ಐತಿ. ಆದ್ರ ತಮ್ಮಾ, ನಿನ್ನಿ ಆಮಂತ್ರಣ ಲಗತ್ತಿಸೇ ಕಳಿಸೀನಿ, ಹ್ವಾದ ವರ್ಷದ್ದು ಹೋಗೇತಿ. ಪತ್ರಿಕಿ ಒಳಗ ವರ್ಷ ಯಾವುದೈತಿ ಅಂತ ನೋಡೂವಂಗ ಮಾಡಾಕ ಬರತೈತೇನು?"

ಬರತೈತ್ರಿ ಕಾಕಾ, ಆದ್ರ ಮಾಡೂದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಹಂಗಾರ ಫೈಲಿನ ಹೆಸರಾಗ ನಾನ ವರ್ಷ ಬರದಿಡ್ತೀನಿ ಬಿಡು ಅಂದ್ರು.